ಬೆದ್ದು ದಾಯೆಂಗ್ ಬಿಡಿಸಿಕೊಂಡ ಜಾಗ

ಕಡಲಾಚೆಯ ದ್ವೀಪವೊಂದರ ವಲನಾಯೆ ಹೊಳೆಯ ದಂಡೆಯ ಆ ಊರಿನಲ್ಲಿ ಬೆದ್ದುವಿಗಿಂತ ಹೆಚ್ಚು ಜಮೀನು ಇದ್ದವರು ಬೇಕಾದಷ್ಟು ಜನ ಇದ್ದರು. ಆದರೆ ಜಮೀನ್ದಾರಿಕೆಯ ಕಷ್ಟವನ್ನು ಅವನಷ್ಟು ಮನಸ್ಸಿಗೆ ಹಚ್ಚಿಕೊಂಡವರು ಒಬ್ಬರೂ ಇರಲಿಲ್ಲ. ಮಿಕ್ಕವರು ಜೋಳ ಬೆಳೆದು, ಮೀನು ಹಿಡಿದು, ಉಂಡು ಮಲಗುತ್ತಿದ್ದರು. ಬೆದ್ದು ಮಲಗುವ ಮುಂಚೆ ಬೇಲಿಯ ಗೂಟಗಳನ್ನೆಲ್ಲ ಒಮ್ಮೆ ಅಲ್ಲಾಡಿಸಿ ನೋಡಿ ಬರಬೇಕು. ಅವನ ಹಲಸಿನ ಮರದ ನೆರಳು ಮಧ್ಯಾಹ್ನದ ಮೇಲೆ ದಾರಿಗೆ ಬೀಳುತ್ತಿತ್ತು. ಅಲ್ಲಿ ಯಾರಾದರೂ ನಿಂತು ಬೆವರು ಒರೆಸಿಕೊಂಡರೆ, "ನಿಂತ್ಕೊಳ್ಳಿ, ನಿಂತ್ಕೊಳ್ಳಿ, ನಮ್ಮ ಮರಾನೇ ಅದು" ಎಂದು ಔದಾರ್ಯದಿಂದ ಹೇಳುತ್ತಿದ್ದ. ಊರಿಗೆಲ್ಲ ಅವನು ದಾಯೆಂಗ್, ಎಂದರೆ ಅಣ್ಣ. ಹಾಗಂತ ತಮ್ಮಂದಿರ ಭಾರ ಹೊರುವ ಚಪಲವೇನೂ ಅವನಿಗಿರಲಿಲ್ಲ.

ಆ ಸೀಮೆಯಲ್ಲಿ ಮನೆ ಬದಲಿಸುವವರು ಮನೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಆಳೆತ್ತರದ ಕಂಬಗಳ ಮೇಲೆ ನಿಂತ ಮರದ ಮನೆಗಳು ಅವು. ಕಂಬಗಳು ಕಲ್ಲಿನ ಮೇಲೆ ಸುಮ್ಮನೆ ಕೂತಿರುತ್ತವೆ. ಶುಕ್ರವಾರದ ನಮಾಜು ಮುಗಿಸಿ ಊರಿನ ಗಂಡಸರು ಬಂದು, ಕಂಬಗಳಿಗೆ ಉದ್ದುದ್ದ ಬಿದಿರು ಕಟ್ಟಿ, ಹೆಗಲು ಕೊಟ್ಟು ಎತ್ತುತ್ತಾರೆ. ಅಂಥ ಶುಕ್ರವಾರಗಳಲ್ಲಿ ತಪ್ಪದೆ ಬೆದ್ದುವಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಬಿದಿರು ಬಿಚ್ಚಿ ಬಾಳೆಹಣ್ಣಿನ ಬೋಂಡ ಹಂಚುವ ಹೊತ್ತಿಗೆ ಬಿಟ್ಟುಬಿಡುತ್ತಿತ್ತು.

ಅವನ ತಮ್ಮ ತೀರಿಕೊಂಡಿದ್ದ. ತಮ್ಮನ ಹೆಂಡತಿ ಹಲೀಜಾ ಹೊಳೆಯ ಕಡೆಯ ಜಾಗದಲ್ಲಿ ಒಬ್ಬಳೇ ಇದ್ದಳು. ಮನೆ ಅವಳದು. ಅವಳ ಅಪ್ಪ ಮೇಲಿನ ಕಾಡಿನಿಂದ ಬಿತ್ತಿ ಎಂಬ ಜಾತಿಯ ಮರದ ದಿಮ್ಮಿಗಳನ್ನು ಹೊಳೆಯಲ್ಲೇ ತೇಲಿಸಿಕೊಂಡು ಬಂದು ಕಟ್ಟಿಸಿಕೊಟ್ಟದ್ದು. ಊರಿನಲ್ಲಿ ಅಷ್ಟು ಗಟ್ಟಿ ಮನೆ ಇನ್ನೊಂದಿರಲಿಲ್ಲ. ಆದರೆ ಕೆಳಗಿನ ನೆಲ ಬೆದ್ದುವಿನ ಪಾಲಿನದು. ಬೆದ್ದುವಿಗೆ ಆ ಮನೆ ನೋಡಿದಾಗಲೆಲ್ಲ ತನ್ನ ನೆಲಕ್ಕೆ ಎಷ್ಟು ನೋವಾಗುತ್ತಿದೆಯೋ ಎನಿಸುತ್ತಿತ್ತು. ಅದರ ಜೊತೆಗೆ ಇನ್ನೊಂದು ವಿಚಾರವೂ ಬರುತ್ತಿತ್ತು: ಹೆಂಗಸು ಎದ್ದು ಅಕ್ಕನ ಮನೆಗೆ ಹೋದರೆ ಮನೆ ಎಲ್ಲಿಗೆ ಹೋಗುತ್ತದೆ? ಅಷ್ಟು ಭಾರದ ಮನೆಯನ್ನು, ಅದೂ ವಿಧವೆಯ ಮನೆಯನ್ನು, ಯಾವನು ಹೊರುತ್ತಾನೆ?

ಒಂದು ಬೆಳಿಗ್ಗೆ ಹೋಗಿ ಅವಳ ಏಣಿಯ ಬುಡದಲ್ಲಿ ನಿಂತ.

"ಹಲೀಜಾ, ನನ್ನ ಜಾಗ ನಂಗೆ ಬೇಕಮ್ಮ."

ಹಲೀಜಾ ಮೇಲಿನಿಂದ ಬಗ್ಗಿ ನೋಡಿದಳು. "ಆಗ್ಲಿ ದಾಯೆಂಗ್. ಬಿಡ್ತೀನಿ."

ಜಗಳಕ್ಕೆ ಸಿದ್ಧವಾಗಿ ಬಂದಿದ್ದವನಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. "ಒಂದು ಹಿಡಿ ಮಣ್ಣೂ ಹೊತ್ಕೊಂಡು ಹೋಗೋ ಹಾಗಿಲ್ಲ, ನೋಡು!"

"ನಿಮ್ಮ ಮಣ್ಣು ತಗೊಂಡು ನಾನೇನು ಮಾಡ್ಲಿ? ಗುಡಿಸಿಟ್ಟೇ ಹೋಗ್ತೀನಿ."

ಬೆದ್ದು ಖುಷಿಯಿಂದ ಮನೆಗೆ ಬಂದ. ಹೆಂಡತಿ ರುಕಿಯಾಳಿಗೆ, "ನೋಡಿದ್ಯಾ? ಮಾತಾಡೋದಕ್ಕೆ ಬರಬೇಕು" ಎಂದ. ರುಕಿಯಾ ಒಲೆ ಊದುತ್ತಿದ್ದಳು; ಊದುತ್ತಲೇ ಇದ್ದಳು.

ಮುಂದಿನ ಶುಕ್ರವಾರ ಮಸೀದಿಯಿಂದ ಹೊರಟ ಜನ ಮನೆಗಳಿಗೆ ಹೋಗದೆ ಹಲೀಜಾಳ ಅಂಗಳಕ್ಕೆ ಹೋದರು. ಬಿದಿರು ಆಗಲೇ ಬಂದು ಬಿದ್ದಿತ್ತು. ಮನೆ ಎತ್ತಿಸುವ ಹಿರಿಯ, ಊರಿಗೆಲ್ಲ ಉವಾ, ಎಂದರೆ ದೊಡ್ಡಪ್ಪ, ಆದ ಮಾಸೆ ಕಂಬದಿಂದ ಕಂಬಕ್ಕೆ ಹೋಗಿ ಗಂಟು ಎಳೆದು ನೋಡುತ್ತಿದ್ದ. ಬೆದ್ದು ಓಡಿಬಂದ. ಸೊಂಟ ಅವತ್ತು ಚೆನ್ನಾಗಿಯೇ ಇತ್ತು.

"ಉವಾ, ಏನಿದು?"

"ಮನೆ ಕಣಯ್ಯ. ಅವಳಪ್ಪನ ಜೋಳದ ಹೊಲಕ್ಕೆ ಹೊರಟಿದೆ. ನಿನ್ನ ಜಾಗ ನೀನೇ ಬಿಡಿಸ್ಕೊಂಡ್ಯಂತಲ್ಲ, ಒಳ್ಳೇದಾಯ್ತು."

"ಕಂಬದ ಕೆಳಗಿನ ಕಲ್ಲು ನನ್ನವು!"

"ಇಟ್ಕೋಪ್ಪ."

"ಅಂಗಳದ ಮಣ್ಣು ಕಾಲಿಗೆ ಮೆತ್ಕೊಂಡು ಹೋಗತ್ತೆ!"

"ಏ, ಎಲ್ಲಾ ಕಾಲು ಕೊಡವಿಕೊಂಡು ನಡೀರಪ್ಪಾ," ಎಂದು ಉವಾ ಮಾಸೆ ಕೂಗಿದ. ಜನ ನಕ್ಕರು.

ಬೆದ್ದುವಿಗೆ ಆಗ ಹೊಳೆದದ್ದು ಒಂದೇ ಉಪಾಯ. ದಡದಡನೆ ಏಣಿ ಹತ್ತಿ ಒಳಗೆ ಹೋಗಿ, ಮನೆಯ ಹೊಕ್ಕುಳು ಎಂದು ಕರೆಯುವ ನಡುಗಂಬವನ್ನು ತಬ್ಬಿಕೊಂಡು ಕೂತ. "ನಾನು ಇಳಿಯೋದಿಲ್ಲ! ಎತ್ತಿ ನೋಡೋಣ!"

ಉವಾ ಮಾಸೆ ಹಿಂದಕ್ಕೆ ತಿರುಗಿದ. "ಹಲೀಜಾ, ಪಾತ್ರೆಪಗಡೆ ಎಲ್ಲ ಇಳಿಸಿದ್ಯಾ?"

"ಎಲ್ಲಾ ಇಳಿಸಿದೆ ಉವಾ. ಇದೊಂದು ಉಳೀತು."

"ಉಳೀಲಿ ಬಿಡು, ಒಡೆಯೋ ಸಾಮಾನಲ್ಲ. ಏಣಿ ಬಿಚ್ರೋ!"

ಏಣಿ ಬಿಚ್ಚಿದರು. ಒಂದು, ಎರಡು, ಮೂರು ಎನ್ನುತ್ತಲೇ ಮನೆ ಕಿರ್ರೆಂದು ನರಳಿ ಮೇಲೆದ್ದಿತು. ಕಿಟಕಿಯಲ್ಲಿ ಅವನ ತೆಂಗಿನ ಮರ ಸರಿದುಹೋಯಿತು. ಅವನ ಬೇಲಿ ಸರಿದುಹೋಯಿತು. ಜೀವಮಾನದಲ್ಲಿ ಮೊದಲ ಸಲ ತನ್ನ ಆಸ್ತಿಯನ್ನೆಲ್ಲ ಅಷ್ಟು ಎತ್ತರದಿಂದ ನೋಡಿದ. ಅದು ಇಷ್ಟೇನಾ ಎನಿಸಿತು. ಆ ಯೋಚನೆಯನ್ನು ಅಲ್ಲೇ ಅದುಮಿ, "ಮೆಣಸಿನ ಗಿಡ! ನನ್ನ ಮೆಣಸಿನ ಗಿಡ ನೋಡ್ಕೊಂಡು ನಡೀರೋ!" ಎಂದು ಕಿರುಚಿದ. ಕೆಳಗಿನ ಕಾಲುಗಳು ಗಿಡಗಳನ್ನು ಬಳಸಿಕೊಂಡೇ ನಡೆದವು. ಅದೂ ಅವನಿಗೆ ಅವಮಾನವೇ ಆಯಿತು.

ಅವನ ಸ್ವಂತ ಮನೆಯ ಮುಂದೆ ಹಾದುಹೋಗುವಾಗ ರುಕಿಯಾ ಕಿಟಕಿಯಲ್ಲಿ ನಿಂತಿದ್ದಳು. ಎರಡು ಕಿಟಕಿಗಳೂ ಒಂದಕ್ಕೊಂದು ಎದುರಾದವು.

"ಊಟಕ್ಕೆ ಬರ್ತೀರಾ, ಇಲ್ಲ ಅಲ್ಲೇನಾ?" ಎಂದು ಕೇಳಿದಳು.

ಹಲೀಜಾಳ ಅಪ್ಪನ ಹೊಲ ಹೊಳೆಯಿಂದ ದೂರ, ದಿಬ್ಬದ ಮೇಲಿತ್ತು. ಮನೆಯನ್ನು ಹೊಸ ಕಲ್ಲುಗಳ ಮೇಲೆ ಇಳಿಸಿ, ಜನ ಕಾಫಿಗೆ ಕೂತರು. ಬೆದ್ದು ಬಾಗಿಲಿಗೆ ಬಂದು ನೋಡಿದ. ಏಣಿ ಇರಲಿಲ್ಲ. ಹಾರುವ ವಯಸ್ಸೂ ಇರಲಿಲ್ಲ. ಬೋಂಡದ ವಾಸನೆ ಮಾತ್ರ ಮೇಲಿನವರೆಗೆ ಚೆನ್ನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಯಾರಾದ್ರೂ... ಏಣಿ..." ಎಂದ.

ಹಲೀಜಾ ತಾನೇ ಏಣಿ ಎಳೆದು ತಂದು ಒರಗಿಸಿದಳು. "ನಿಧಾನ ದಾಯೆಂಗ್, ಮೂರನೇ ಮೆಟ್ಟಿಲು ಸಡಿಲ." ಕೈಗೆ ಬೋಂಡದ ತಟ್ಟೆಯನ್ನೂ ಕೊಟ್ಟಳು. ಅಂಥ ಸಿಟ್ಟಿನಲ್ಲೂ ಅವನು ತಟ್ಟೆಯನ್ನು ವಾಪಸು ಕೊಡಲಿಲ್ಲ.

ಹೀಗೆ ಜಾಗ ಅವನ ಕೈಗೆ ಬಂತು: ಖಾಲಿ ಅಂಗಳ, ಸಾಲಾಗಿ ಕೂತ ಕಲ್ಲುಗಳು. ಸುತ್ತ ಹೊಸ ಬೇಲಿ ಹಾಕಿದ. ಆ ಮಳೆಗಾಲದಲ್ಲಿ ಹೊಳೆ ಬಂದು ಬೇಲಿಯನ್ನೂ ಕಲ್ಲುಗಳನ್ನೂ ಅಂಗಳವನ್ನೂ ಒಂದೇ ತುತ್ತಿಗೆ ತೆಗೆದುಕೊಂಡಿತು. ಮನೆ ಅಲ್ಲೇ ಇದ್ದಿದ್ದರೆ ಹಲೀಜಾಳೂ ಹೋಗುತ್ತಿದ್ದಳು ಎಂದು ಊರು ಮಾತಾಡಿಕೊಂಡಿತು. "ಹಾಗಾದ್ರೆ ಅವಳನ್ನ ಉಳಿಸಿದ್ದು ಯಾರು?" ಎಂದು ಬೆದ್ದು ಚಹಾದಂಗಡಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಕೇಳಿದ. ಯಾರೂ ಹೇಳಲಿಲ್ಲ, ಅವನೇ ಹೇಳಿಕೊಳ್ಳಬೇಕಾಯಿತು.

ನೆಲ ಹೋದರೂ ಹಕ್ಕು ಹೋಗುವುದುಂಟೇ? ಅಲ್ಲಿ ಬಲೆ ಬೀಸುತ್ತಿದ್ದ ಲಾ ಸಕ್ಕಾನನ್ನು ದಡದಿಂದ ತಡೆದ. "ಆ ನೀರಿನ ಕೆಳಗೆ ನನ್ನ ಜಾಗ ಇದೆ. ಮೀನು ನಂದು."

"ಹೌದಾ ದಾಯೆಂಗ್? ಈಗ ಒಂದು ಹಾದುಹೋಯ್ತು, ಕರೀರಿ ನೋಡೋಣ, ಬರತ್ತಾ ಅಂತ."

ಹೊಳೆ ಮಾತ್ರ ಕರೆಯದೆಯೇ ದಡ ಕೊರೆದುಕೊಂಡು ಬರುತ್ತಿತ್ತು. ಮುಂದಿನ ವರ್ಷ ಅದು ಹಲಸಿನ ಮರವನ್ನು ನುಂಗಿ, ಬೆದ್ದುವಿನ ಅಡಿಗೆಮನೆಯ ಹಿಂದೆ ಬಂದು ನಿಂತಿತು. ರಾತ್ರಿಯೆಲ್ಲ ಮಣ್ಣು ಕುಸಿಯುವ ಸದ್ದು ಕೇಳುತ್ತ ಗಂಡಹೆಂಡಿರು ಕಣ್ಣು ಬಿಟ್ಟುಕೊಂಡು ಮಲಗಿದರು. ತನ್ನ ಮನೆಗೆ ಹೆಗಲು ಕೊಡಲು ಯಾರು ಬಂದಾರು ಎಂದು ಲೆಕ್ಕ ಹಾಕಿದಾಗ ಬೆದ್ದುವಿಗೆ ಒಂದು ಹೆಸರೂ ಹೊಳೆಯಲಿಲ್ಲ. ಅವನಿಗೆ ನಿಜವಾಗಿ ಭಯವಾದದ್ದು ಆಗಲೇ.

"ಉವಾ ಹತ್ರ ಹೋಗಿ ಕೇಳಿ," ಎಂದಳು ರುಕಿಯಾ.

"ಏನಂತ ಕೇಳ್ಲಿ?"

"ಬಾಯಿಬಿಟ್ಟು ಕೇಳಿ. ಮಾತಾಡೋದಕ್ಕೆ ಬರತ್ತಲ್ಲ."

ಕೇಳಿದ. ಉವಾ ಮಾಸೆ ಒಂದೇ ಮಾತು ಹೇಳಿದ: "ಶುಕ್ರವಾರ. ಬೋಂಡ ಜಾಸ್ತಿ ಇರ್ಲಿ."

ಊರೆಲ್ಲ ಬಂತು. ಲಾ ಸಕ್ಕಾ ಬಂದ. ಹಲೀಜಾ ಎರಡು ಗೊನೆ ಬಾಳೆಹಣ್ಣು ತಂದು ರುಕಿಯಾಳ ಜೊತೆ ಒಲೆಯ ಮುಂದೆ ಕೂತಳು. ಯಾರೂ ಹಳೆಯ ಮಾತು ಎತ್ತಲಿಲ್ಲ. "ದಾಯೆಂಗ್, ಒಳಗೆ ಕೂರೋದಿಲ್ವಾ?" ಎಂದು ಮಾತ್ರ ಪ್ರತಿಯೊಬ್ಬರೂ ಬೇರೆಬೇರೆಯಾಗಿ ವಿಚಾರಿಸಿದರು. ಬೆದ್ದು ತುಟಿ ಕಚ್ಚಿಕೊಂಡು ಬಿದಿರಿನ ಕೆಳಗೆ ನುಗ್ಗಿ ಹೆಗಲು ಕೊಟ್ಟ. ಅಕ್ಕಪಕ್ಕದ ಬೆವರಿದ ಹೆಗಲುಗಳು ಅವನಿಗೆ ಒತ್ತಿಕೊಂಡವು. ಮನೆ ಎದ್ದಾಗ ಭಾರ ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ ಎನಿಸಿ, ಏನೂ ಕಾರಣವಿಲ್ಲದೆ ಅವನ ಕಣ್ಣು ತುಂಬಿತು. ದಿಬ್ಬದ ಕಡೆಗೆ ಒಂದೆರಡು ಮಾರು ನಡೆಯುವಷ್ಟರಲ್ಲಿ ಸುಧಾರಿಸಿಕೊಂಡ.

"ಏ ಸಕ್ಕಾ, ಸರಿಯಾಗಿ ಹಿಡ್ಕೊಳೋ! ಭಾರವೆಲ್ಲ ನನ್ನ ಕಡೇಗೇ ಬರ್ತಿದೆ!"