ಬೇಗೂರು ಗೇಟು ದಾಟಿದ ರಾಗಿ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕೆಲವು ವರ್ಷ, ಆಮೇಲೆ ಯುದ್ಧ ನಡೆದಷ್ಟು ಕಾಲ, ನಾನು ಹುಣಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹೈಸ್ಕೂಲು ಮುಗಿಸಿದ್ದೆ, ಅಕ್ಷರ ದುಂಡಗಿತ್ತು. ನನ್ನ ಯೋಗ್ಯತೆ ಅಷ್ಟೇ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಿಂದ ಯಾವ ವರ್ಷ ಎಷ್ಟು ಧಾನ್ಯ ಹೊರಗೆ ಹೋಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ದೊಡ್ಡ ಹಾಳೆಯೊಂದನ್ನು ತಯಾರಿಸುವುದು ನನ್ನ ಕೆಲಸ. ಅಚ್ಚಾಗಿ ಬರುತ್ತಿದ್ದ ಆ ಹಾಳೆಯನ್ನು ಎಲ್ಲೋ ಗೋಧಿ ಬೆಳೆಯುವ ಸೀಮೆಯವರಿಗಾಗಿ ಮಾಡಿದ್ದಿರಬೇಕು. ಮೊದಲ ಕಾಲಮ್ಮೇ ಗೋಧಿ. ಪ್ರತಿ ವರ್ಷ ಅದರಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ರಾಗಿ, ಭತ್ತ, ಹುರುಳಿ ಎಂದು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ.

ಲೆಕ್ಕ ಬರುತ್ತಿದ್ದುದು ಗಡಿಯ ಗೇಟುಗಳಿಂದ. ಕೊಡಗಿಗೆ ಹೋಗುವ ಗಾಡಿಗಳನ್ನು ಕೊಪ್ಪದ ಗೇಟಿನಲ್ಲಿ, ವೈನಾಡಿಗೆ ಹೋಗುವ ಗಾಡಿಗಳನ್ನು ಬೇಗೂರಿನ ಗೇಟಿನಲ್ಲಿ ಎಣಿಸಿ ಚೀಟಿ ಬರೆಯುತ್ತಿದ್ದರು. ಚೀಟಿಯಲ್ಲಿ ಗೇಟಿನ ಹೆಸರಿಗೆ ಜಾಗವಿತ್ತು, ಗಾಡಿ ಯಾವ ಊರಿನದು ಎನ್ನುವುದಕ್ಕೆ ಇರಲಿಲ್ಲ. ಹಾಗಾಗಿ ಕೊಪ್ಪದ ಚೀಟಿಗಳನ್ನು ಪಿರಿಯಾಪಟ್ಟಣಕ್ಕೂ ಬೇಗೂರಿನ ಚೀಟಿಗಳನ್ನು ಕೋಟೆಗೂ, ಎಂದರೆ ಹೆಗ್ಗಡದೇವನಕೋಟೆಗೂ, ಸೇರಿಸುತ್ತಿದ್ದೆ.

ಬೇಗೂರು ಗೇಟಿನಲ್ಲಿ ಚೀಟಿ ಬರೆಯುತ್ತಿದ್ದವರು ಹುಣಸೂರಿನವರೇ ಒಬ್ಬರು, ಗಾಡಿ ಚಕ್ರ ಮಾಡುವ ಮುಸಲ್ಮಾನರ ಮನೆತನದವರು. ನಾನು ಅವರನ್ನು ಸಾಹೇಬರೇ ಎನ್ನುತ್ತಿದ್ದೆ. ತಿಂಗಳಿಗೊಮ್ಮೆ ಚೀಟಿ ತಂದುಕೊಟ್ಟು, ನಾನು ಒಬ್ಬನೇ ವಾಸವಿದ್ದ ಕೋಣೆಯಲ್ಲಿ ಅರ್ಧ ದಿನ ಕೂತು ಹರಟಿ ಹೋಗುತ್ತಿದ್ದರು. ಮದುವೆಯಾದ ವರ್ಷವೇ ನನ್ನ ಹೆಂಡತಿ ತೀರಿಕೊಂಡಿದ್ದಳು. ಆ ಕೋಣೆಯ ಬಾಗಿಲು ತಟ್ಟುತ್ತಿದ್ದ ಮನುಷ್ಯರೆಂದರೆ ಅವರೊಬ್ಬರೇ.

ಒಂದು ವರ್ಷ ನಾಲ್ಕು ತಾಲ್ಲೂಕಿಗೆ ನಾಲ್ಕು ಬಣ್ಣದ ಮಸಿಯಲ್ಲಿ ಏರಿಳಿತದ ಗೆರೆ ಎಳೆದೆ. ಪಿರಿಯಾಪಟ್ಟಣದ್ದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಕೋಟೆಯದು ಏರುತ್ತಿತ್ತು. ಕೋಟೆಯವರು ಕಾಡು ಕಡಿದು ಹೊಸ ಹೊಲ ಮಾಡಿದ್ದಾರೆ, ಮಳೆ ಅನುಕೂಲವಾಗಿದೆ, ಆದ್ದರಿಂದ ರಾಗಿ ಮಿಗುತ್ತಿದೆ ಎಂದು ಕೆಳಗೆ ಅರ್ಧ ಪುಟ ವಿವರಣೆಯನ್ನೂ ಬರೆದೆ. ಅದೆಲ್ಲ ಕುರ್ಚಿಯಲ್ಲಿ ಕೂತು ಹೊಳೆದದ್ದು. ಕೋಟೆಯ ಕಡೆಗೆ ನಾನು ಕಾಲಿಟ್ಟೇ ಇರಲಿಲ್ಲ. ಅಧಿಕಾರಿಗಳು ಮೆಚ್ಚಿ ಹಾಳೆಯನ್ನು ಮೇಲಕ್ಕೆ ಕಳಿಸಿದರು.

ನನ್ನ ಹತ್ತಿರ ಉಳಿದಿದ್ದ ಪ್ರತಿಯನ್ನು ನೋಡಿ ಸಾಹೇಬರು ನಕ್ಕರು.

"ಏನ್ರೀ ಗುಮಾಸ್ತರೇ, ಕೋಟೆ ಗೆರೆ ಬೆಟ್ಟ ಹತ್ತಿದಂಗೆ ಹತ್ತುತ್ತಾ ಅದೆ?"

"ನಿಮ್ಮ ಚೀಟಿ ನೋಡೇ ಎಳೆದಿದ್ದು, ಸಾಹೇಬರೇ."

"ಚೀಟಿ ಸರಿಯಾಗೇ ಅದೆ ಕಣ್ರೀ. ಗಾಡಿ ಕೋಟೆದಲ್ಲ. ಮುಕ್ಕಾಲ್ ಪಾಲು ಕೃಷ್ಣರಾಜನಗರದ ಮಿರ್ಲೆ ಕಡೇವು. ಮೊದ್ಲು ಕೊಪ್ಪದ್ ಮೇಲೆ ಕೊಡಗ್ಗೆ ಹೋಯ್ತಿದ್ವು. ಈಗ ವೈನಾಡಲ್ಲಿ ಗಿರಾಕಿ ಜಾಸ್ತಿ ಅಂತ ಕಾಡ್ ದಾರಿ ಹಿಡ್ದವೆ."

"ಮಿರ್ಲೆಯವೇ ಅಂತ ಹೇಗೆ ಗೊತ್ತು?"

"ಮೂಟೆ ಕೆಳಗೆ ಏನ್ ಹಾಸವ್ರೆ ನೋಡುದ್ರೆ ಆಯ್ತು. ಕೋಟೆಯೋರು ರಾಗಿ ಹುಲ್ಲು ಹಾಸ್ತಾರೆ. ಇವ್ರುದ್ದು ಕಬ್ಬಿನ ಸೋಗೆ. ಕೋಟೆ ಸೀಮೇಲಿ ಕಬ್ ಹಾಕುದ್ರೆ ಆನೆ ಸುಮ್ಕೆ ಬುಟ್ಟಾದಾ?"

ಇಬ್ಬರೂ ನಕ್ಕೆವು. ಎರಡು ಗೆರೆಗಳೂ ಒಂದೇ ಗಾಡಿಗಳ ಕಥೆ ಎಂದು ನನಗೆ ಆಗಲೇ ತಿಳಿಯಿತು. ಹಾಳೆ ಹೋಗಿಯಾಗಿದೆ, ಇನ್ನೇನು ಎಂದು ಸುಮ್ಮನಾದೆ.

ಯುದ್ಧ ಬಂತು. ಧಾನ್ಯಕ್ಕೆ ತತ್ವಾರವಾಗಿ, ಮಿಗುವ ಕಡೆಯಿಂದ ಹೆಚ್ಚು ಎತ್ತಬೇಕೆಂದು ಸರ್ಕಾರದಲ್ಲಿ ತೀರ್ಮಾನವಾಯಿತು. ಯಾವ ಕಡೆ ಮಿಗುತ್ತದೆ ಎಂದು ನೋಡಲು ನಮ್ಮ ಕಚೇರಿಯಲ್ಲಿ ಬಿಡಿಸಿ ಹರಡಿದ್ದು ನನ್ನ ಹಾಳೆಯನ್ನೇ. ಕೋಟೆಯ ಹಳ್ಳಿಗಳ ಮೇಲೆ ಭಾರ ಬಿತ್ತು. ಆ ತಿಂಗಳು ಸಾಹೇಬರು ಚೀಟಿಯ ದಿನಕ್ಕೆ ಕಾಯದೆ ಬಂದರು.

"ಅವ್ರು ಬೆಳೆಯಾದೇ ಅಷ್ಟಿಲ್ಲ ಗುಮಾಸ್ತರೇ, ಎಲ್ಲಿಂದ ಕೊಡ್ತಾರೆ? ಸೋಗೆ ವಿಷ್ಯ ಒಂದ್ ಸಾಲು ಬರ್ದು ನಿಮ್ ದೊಡ್ಡೋರ್ ಕೈಗೆ ಕೊಡಿ. ಸಾಕ್ಷಿ ಬೇಕಾದ್ರೆ ನಾನಿದೀನಿ."

"ಬರೀತೀನಿ."

ಬರೆದೆ. ಒಂದು ಸಾಲಲ್ಲ, ಒಂದು ಪುಟವನ್ನೇ ಬರೆದೆ. ಕೊಡಲಿಲ್ಲ. ನನ್ನ ಕೆಲಸ ಖಾಯಂ ಆಗುವ ಕಾಗದ ಅದೇ ವಾರ ಅಧಿಕಾರಿಗಳ ಮೇಜಿನ ಮೇಲಿತ್ತು. ಅದರಲ್ಲಿ ಅವರು ಹೊಗಳಿ ಬರೆದದ್ದು ಆ ಹಾಳೆಯನ್ನೇ. ರುಜು ಬೀಳಲಿ, ಆಮೇಲೆ ಕೊಡೋಣ ಎಂದುಕೊಂಡೆ. ರುಜು ಬಿದ್ದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರಲ್ಲ ಎಂದು ಹೆದರಿದೆ. ಸಾಹೇಬರು ಕೇಳಿದಾಗ, "ಕೊಟ್ಟಾಯಿತು, ಅವರು ಒಪ್ಪಲಿಲ್ಲ" ಎಂದೆ. ನನ್ನ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲು.

ರಾಗಿ ಎತ್ತಲು ಹೊರಟ ಅಳತೆಯವರ ಜೊತೆ ಲೆಕ್ಕ ಬರೆಯಲು ನನ್ನನ್ನೇ ಕಳಿಸಿದರು. ಬೇಗೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ರಾಗಿ ತುಂಬಿಟ್ಟಿದ್ದ ನೆಲದೊಳಗಿನ ಹಗೇವಿನ ಬಾಯಿ ತೆಗೆಸಿ, ಕೆಟ್ಟ ಗಾಳಿ ಇದೆಯೇ ಎಂದು ಹಗ್ಗದಲ್ಲಿ ದೀಪ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ಆಳು ಇಳಿದ. ಅರ್ಧಕ್ಕೂ ಕಡಿಮೆ ಇತ್ತು. ಅಳೆಯುವವನು ಪದ್ಧತಿಯಂತೆ ಒಂದು ಎನ್ನುವ ಬದಲು 'ಲಾಭ' ಎಂದು ಮೊದಲ ಕೊಳಗ ಸುರಿದ.

"ಯಾರ್ಗಪ್ಪಾ ಲಾಭ?" ಎಂದ ಊರ ಯಜಮಾನ. ಆಮೇಲೆ ನನ್ನ ಕಡೆ ತಿರುಗಿದ. "ಸ್ವಾಮಿ, ಈ ಊರಲ್ಲಿ ಇರಾದೇ ಮೂರ್ ಗಾಡಿ. ಒಂದ್ರುದ್ದು ಅಚ್ಚು ಮುರ್ದೋಗದೆ. ನಾವು ಸಾಲ್ಗಟ್ಲೆ ಗಾಡೀಲಿ ರಾಗಿ ಸಾಗಿಸ್ತೀವಿ ಅಂತ ಬರ್ದ ಪುಣ್ಯಾತ್ಮ ಯಾರು? ಅವ್ನ್ ಕೈಗೊಂದು ಬಂಗಾರದ ಕಡಗ ತೊಡ್ಸಬೇಕು ಕಣ್ ಸ್ವಾಮಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಕೈಯಲ್ಲೇ ಕೊಳಗಗಳನ್ನು ಬರೆದುಕೊಂಡೆ. ಬಿತ್ತನೆಗೆಂದು ಸ್ವಲ್ಪ, ಊಟಕ್ಕೆಂದು ಸ್ವಲ್ಪ ಉಳಿಸಿ ಹೊರಟೆವು. ಅದು ಮುಂದಿನ ಸುಗ್ಗಿಯವರೆಗೆ ಬಾರದೆಂದು ನನಗೂ ಗೊತ್ತಿತ್ತು.

ಅದರ ಬದಲಿಗೆಂದು ಕೆಲವು ತಿಂಗಳ ಮೇಲೆ ಹೊರಸೀಮೆಯ ಗೋಧಿ ಬಂತು. ನನ್ನ ಹಾಳೆಯ ಮೊದಲ ಕಾಲಮ್ಮಿಗೆ ಅಂಕಿ ಬಿದ್ದದ್ದು ಆಗಲೇ, ಅದೂ ಒಳಗೆ ಬಂದ ಲೆಕ್ಕವಾಗಿ. ಹೆಂಗಸರು ರಾಗಿಯಂತೆಯೇ ಬೀಸಿ ಮುದ್ದೆ ತೊಳಸಿದರಂತೆ. ಅಂಟು ಅಂಟಾಗಿ ಗಂಟಲಲ್ಲಿ ಇಳಿಯಲಿಲ್ಲವಂತೆ. ಕಚೇರಿಯ ಜವಾನ ಇದನ್ನು ತಮಾಷೆಯಾಗಿ ಹೇಳಿದ.

ಸಾಹೇಬರು ಬರುವುದನ್ನು ನಿಲ್ಲಿಸಿದ್ದರು. ಅವರು ನಮ್ಮ ಅಧಿಕಾರಿಗಳನ್ನೇ ನೇರವಾಗಿ ಕೇಳಿದ್ದರೆಂದು, ಅಂಥ ಕಾಗದವೇ ಬಂದಿಲ್ಲ ಎಂಬ ಉತ್ತರ ಸಿಕ್ಕಿತ್ತೆಂದು ಆಮೇಲೆ ಗೊತ್ತಾಯಿತು. ಚೀಟಿಗಳು ಟಪಾಲಿನಲ್ಲಿ ಬರತೊಡಗಿದವು. ಒಂದರ ಹಿಂಬದಿಯಲ್ಲಿ ಹೀಗಿತ್ತು: "ಈ ತಿಂಗಳು ಗಾಡಿ ಕಡಿಮೆ. ಕಾಫಿ ತೋಟದ ಕೂಲಿಗೆಂದು ನಡೆದು ಗೇಟು ದಾಟಿದವರು ಹದಿನಾಲ್ಕು ಮನೆಯವರು. ಇವರನ್ನು ಯಾವ ಕಾಲಮ್ಮಿಗೆ ಹಾಕುತ್ತೀರಿ?" ಅದನ್ನೂ ಉಳಿದ ಚೀಟಿಗಳ ಜೊತೆ ದಾರಕ್ಕೆ ಪೋಣಿಸಿಟ್ಟೆ. ಹುಣಸೂರಿನ ಬೀದಿಯಲ್ಲಿ ಎದುರಾದರೆ ಅವರು ಸಲಾಂ ಮಾಡಿ ದಾಟಿ ಹೋಗುತ್ತಿದ್ದರು. ಆಮೇಲೆ ನನ್ನ ಕೋಣೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಯಜಮಾನನೂ ಇರಲಿಲ್ಲ. ತೋಟದ ಕೂಲಿಗೆ ಹೋದವನು ಅಲ್ಲಿಯೇ ಜ್ವರದಲ್ಲಿ ಸತ್ತನಂತೆ. ಸೊಸೆ ಹಿಂತಿರುಗಿ ಬಂದಿದ್ದಳು. ಅವಳ ಕೂದಲೂ ನೆರೆತಿತ್ತು. ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಚೀಟಿ, ಸೋಗೆ, ಕೊಡದೆ ಇಟ್ಟುಕೊಂಡ ಪುಟ, ಹೇಳಿದ ಸುಳ್ಳು. ಅವಳು ಕೇರುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಈಗ ಬರ್ದ್ರೆ ಏನಾರ ಕೊಡ್ತಾರಾ?" ಎಂದಳು.

"ಇಲ್ಲ ತಾಯಿ."

"ಅಂಗಾರೆ ಇಷ್ಟು ದೂರ ಯಾಕ್ ಬಂದ್ರಿ?"

ಅವಳು ಹುರುಳಿಯನ್ನು ಒಳಗಿಟ್ಟು ಬಂದು, ಒಂದು ಚೊಂಬು ನೀರು ನನ್ನ ಪಕ್ಕದಲ್ಲಿಟ್ಟು, ಕುಡುಗೋಲು ಹಿಡಿದು ಹೊಲಕ್ಕೆ ಹೊರಟುಹೋದಳು. ವಾಪಸು ಬಸ್ಸು ಸಂಜೆಗೇ ಇದ್ದುದು. ಅಲ್ಲಿಯವರೆಗೆ ಆ ಜಗಲಿಯ ಮೇಲೆ ಒಬ್ಬನೇ ಕೂತಿದ್ದೆ.