ಗರಿಗರಿಯ ಅರ್ಧ ಗಡ್ಡ

ನಮ್ಮ ಭಾವನನ್ನು ಬೀದಿಯವರೆಲ್ಲ ಕರೆಯುವುದು ‘ಗರಿಗರಿ’ ಎಂದು. ಇಸ್ತ್ರಿ ಅಂಗಡಿ ಇಟ್ಟವರಿಗೆ ಅದಕ್ಕಿಂತ ಒಳ್ಳೆಯ ಹೆಸರು ಇನ್ನೇನು ಬೇಕು? ಅವರು ಉಜ್ಜಿದ ಪ್ಯಾಂಟಿನ ಗೆರೆ ಸಂಜೆಯವರೆಗೂ ಅಳಿಯುತ್ತಿರಲಿಲ್ಲ. ಅವರ ಸ್ವಂತ ಅಂಗಿಯೂ ಹಾಗೆಯೇ, ಮುಖವೂ ಹಾಗೆಯೇ. ದಿನಾ ಬೆಳಿಗ್ಗೆ ನುಣ್ಣಗೆ ಗಡ್ಡ ಬೋಳಿಸಿ, ಕೆನ್ನೆಯ ಮೇಲೆ ಕೈಯಾಡಿಸಿ ನೋಡಿ, ಆಮೇಲೇ ಹೊಸ್ತಿಲು ದಾಟುವುದು. ‘ಹಾಲು ತರೋಕೆ ಹೊರಟಿದ್ದೀರೋ, ನಿಮ್ಮ ಮದುವೆಗೆ ಹೊರಟಿದ್ದೀರೋ?’ ಎಂದು ನಾನು ಕೇಳುತ್ತಿದ್ದೆ. ಅಕ್ಕನ ಗಂಡನನ್ನು ರೇಗಿಸದಿದ್ದ ಮೇಲೆ ನಾದಿನಿಯಾಗಿ ಏನು ಪ್ರಯೋಜನ! ‘ಸುಮ್ನಿರೇ ತರಲೆ’ ಎಂದು ನಗುತ್ತಿದ್ದರು.

ಆ ಮುಖಕ್ಕೇ ಬಂತು ನೋಡಿ ಗ್ರಹಚಾರ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಚೀರಿ, ಬ್ರಷ್ ಎಸೆದು, ಗೋಡೆಗೆ ಒರಗಿಬಿಟ್ಟರು. ಮೂಗಿನ ಎಡಪಕ್ಕದಿಂದ ದವಡೆಯವರೆಗೆ ಕರೆಂಟು ಹರಿದ ಹಾಗಾಯಿತಂತೆ. ನಾನೂ ಅಕ್ಕನೂ ಓಡಿ ಬರುವಷ್ಟರಲ್ಲಿ ನಿಂತೂ ಹೋಗಿತ್ತು. ‘ಏನಿಲ್ಲ, ಹಲ್ಲು’ ಎಂದರು. ನಾವೂ ಹಲ್ಲು ಎಂದುಕೊಂಡೆವು. ಹಲ್ಲಿನ ಡಾಕ್ಟರೂ ಹಲ್ಲು ಎಂದುಕೊಂಡು ಒಂದು ದವಡೆಹಲ್ಲು ಕಿತ್ತರು. ನೋವು ಹೋಗಲಿಲ್ಲ. ಪಕ್ಕದ್ದನ್ನೂ ಕಿತ್ತರು. ಹಲ್ಲುಗಳು ಹೋದವು, ನೋವು ಮನೆ ಅಳಿಯನ ಹಾಗೆ ಝಾಂಡಾ ಊರಿತು.

ಬಂದರೆ ಒಂದು ಗಳಿಗೆ, ಅಷ್ಟೇ. ಆದರೆ ಬರುತ್ತದೆ ಎಂದು ಕಾಯುವುದು ಇಡೀ ದಿನ. ಭಾವ ಕೂತಲ್ಲಿ ಕೂರಲಾರದೆ ಕಾಲು ಸುಟ್ಟ ಬೆಕ್ಕಿನ ಹಾಗೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಡಿಗೆ ಓಡಾಡುತ್ತಿದ್ದರು. ಊಟವೂ ನಿಂತುಕೊಂಡೇ, ಅದೂ ಅಗಿಯದೆ ನುಂಗುವುದು. ಮಾತು ಬಾಯಿಯ ಬಲಮೂಲೆಯಿಂದ ಮಾತ್ರ. ಕಿಟಕಿಯಿಂದ ಚೂರು ಗಾಳಿ ಬಂದರೆ ಕೆನ್ನೆಯ ಹತ್ತಿರ ಕೈ ಹೋಗುತ್ತಿತ್ತು. ಹತ್ತಿರ ಮಾತ್ರ, ಮುಟ್ಟುವ ಹಾಗಿಲ್ಲ. ಅಕ್ಕ ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಆರಿಸಿಟ್ಟಳು. ಆ ಸೆಕೆಯಲ್ಲಿ ನಾವು ಮೂವರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಾ ಬದುಕಿದೆವು. ಬಾಗಿಲು ಧಡಾರೆಂದರೆ ಮೂವರ ಎದೆಯೂ ಧಸಕ್ಕೆನ್ನುತ್ತಿತ್ತು. ಅವರಿಗೆ ನೋವು ಬರಲಿಲ್ಲವೆಂದರೆ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಕೇಳಬೇಡಿ.

ಡಾಕ್ಟರುಗಳಿಗೇನೂ ಕೊರತೆಯಿರಲಿಲ್ಲ. ಕಿವಿಯವರು ಕಿವಿ ನೋಡಿ ಚೆನ್ನಾಗಿದೆ ಎಂದರು. ಮೂಗಿನ ಫೋಟೋ ತೆಗೆದವರು ಮೂಗೂ ಚೆನ್ನಾಗಿದೆ ಎಂದರು. ಇನ್ನೊಬ್ಬರು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಆರೋಗ್ಯವಾಗಿ ಕಾಣ್ತಿದ್ದೀರಲ್ಲ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಎಂದರು. ಕಾಣದೆ ಇನ್ನೇನು? ಡಾಕ್ಟರ ಹತ್ತಿರ ಹೋಗುವ ದಿನ ನಮ್ಮ ಗರಿಗರಿ ಮದುಮಗನ ಹಾಗೆ ಹೊರಡುತ್ತಿದ್ದರು. ಉಳಿದ ದಿನಗಳಲ್ಲಿ ಎಡಗೆನ್ನೆಗೆ ಬ್ಲೇಡು ತಾಗಿಸಲಾರದೆ ಅಲ್ಲಿ ಗಡ್ಡ ಬಿಟ್ಟು, ಅದು ಯಾರಿಗೂ ಕಾಣದಂತೆ ಕುತ್ತಿಗೆಯಿಂದ ತುಟಿಯವರೆಗೆ ಮಫ್ಲರ್ ಸಡಿಲವಾಗಿ ಸುತ್ತಿಕೊಳ್ಳುವ ಮನುಷ್ಯ, ಆ ದಿನ ಮಾತ್ರ ಬಚ್ಚಲು ಸೇರಿ ಅಕ್ಕನನ್ನು ಕರೆದು ಚಿಲಕ ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಗೋಡೆ ಗುದ್ದುವ ಸದ್ದು ಬರುತ್ತಿತ್ತು. ಆಮೇಲೆ ನುಣ್ಣನೆಯ ಮುಖ, ಕೆಂಪು ಕಣ್ಣು, ಗರಿಗರಿ ಅಂಗಿ. ಡಾಕ್ಟರು ಏನು ತೊಂದರೆ ಎಂದರೆ, ದೊಡ್ಡವರ ಸಮಯ ಹಾಳು ಮಾಡಬಾರದೆಂದು, ‘ಸ್ವಲ್ಪ ಹಲ್ಲುನೋವು ಸಾರ್’ ಎನ್ನುವುದು! ನನಗಂತೂ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಕೊನೆಗೆ ಹಲ್ಲಿನ ಡಾಕ್ಟರು, ಎಡಗಡೆ ಮೇಲೆ ಉಳಿದಿರುವ ಹಲ್ಲುಗಳನ್ನೆಲ್ಲ ಒಟ್ಟಿಗೇ ತೆಗೆದುಬಿಡೋಣ, ಸೋಮವಾರ ಬನ್ನಿ ಎಂದರು. ಭಾವ ಹೂಂ ಎಂದು ಬಂದರು. ‘ಹೋದ ಹಲ್ಲಿಂದ ಏನು ಸುಖ ಸಿಕ್ತು ಅಂತ ಇನ್ನಷ್ಟು ಕೊಡ್ತೀರಿ?’ ಎಂದು ನಾನು ಕೂಗಾಡಿದೆ. ‘ತಲೆ ತೆಗೀತೀನಿ ಅಂದ್ರೂ ಕೊಡ್ತೀನಿ ಕಣೇ’ ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ನನಗೆ ಭಯವಾಯಿತು.

ಅದೇ ವಾರ ಒಬ್ಬ ವಕೀಲರ ಕಪ್ಪು ಕೋಟು ಸುಟ್ಟಿತು. ಕೋಟಿಗೆ ನೀರು ಚಿಮುಕಿಸುವಾಗ ಒಂದು ಹನಿ ಕೆನ್ನೆಗೆ ಸಿಡಿಯಿತು. ಭಾವ ಇಸ್ತ್ರಿಪೆಟ್ಟಿಗೆಯನ್ನು ಕೋಟಿನ ಮೇಲೇ ಬಿಟ್ಟು ಮೇಜಿನಂಚು ಹಿಡಿದು ಕುಸಿದರು. ಕೋಟಿಗಾಗಿ ಬಂದು ನಿಂತಿದ್ದ ವಕೀಲರ ಎದುರಿಗೇ ಎಲ್ಲವೂ ನಡೆದುಹೋಯಿತು. ಹೊಗೆ ಎದ್ದಾಗ ನಾನೇ ಓಡಿ ಪ್ಲಗ್ ಕಿತ್ತೆ. ‘ಹಲ್ಲುನೋವು ಸಾರ್’ ಎಂದು ಹೇಳಿ, ವಕೀಲರು ಬೈಯುತ್ತಾರೆಂದು ಕಾದೆ. ಅವರು ಕೋಟಿನ ಕಡೆ ತಿರುಗಿಯೂ ನೋಡದೆ, ‘ಹಲ್ಲುನೋವು ಹೀಗೆ ಬಂದು ಹೀಗೆ ಹೋಗುತ್ತೇನಮ್ಮ? ನರದ ಡಾಕ್ಟರಿಗೆ ತೋರ್ಸಿ’ ಎಂದರು. ಹೊಸ ಕೋಟಿನ ಮಾತು ಆಮೇಲೆ ಬಂತು ಅನ್ನಿ. ಬರದೇ ಇರುತ್ತದೆಯೇ?

ದೊಡ್ಡಾಸ್ಪತ್ರೆಯಲ್ಲಿ ನರದ ಡಾಕ್ಟರು ಸಿಕ್ಕಿದ್ದು ಶನಿವಾರ. ಮಧ್ಯೆ ಒಂದು ಭಾನುವಾರ, ಆಮೇಲೆ ಇಕ್ಕಳ. ಬೆಳಿಗ್ಗೆ ಭಾವ ಯಥಾಪ್ರಕಾರ ಬಚ್ಚಲು ಸೇರಿದರು. ಬಲಗಡೆ ಮುಗಿಯಿತು, ಕುತ್ತಿಗೆ ಮುಗಿಯಿತು. ಎಡಗಡೆ ಮೇಲ್ತುಟಿಗೆ ಬ್ಲೇಡು ತಾಗಿದ್ದೇ ತಡ, ಒಂದರ ಹಿಂದೊಂದು ನೋವಿನ ಸೆಳೆತಗಳು ಬಂದವು. ಅಕ್ಕ ಚಿಲಕ ತೆಗೆದಾಗ ಅವರು ನೆಲದ ಮೇಲಿದ್ದರು. ರೇಜರ್ ಮೂಲೆಯಲ್ಲಿತ್ತು. ಅರ್ಧ ಮುಖ ನುಣ್ಣಗೆ, ಅರ್ಧ ಮುಖದಲ್ಲಿ ಗಡ್ಡ, ಗಡ್ಡದ ಮೇಲೆ ಒಣಗುತ್ತಿರುವ ಸೋಪು.

‘ಇವತ್ತು ಬೇಡ. ಈ ವೇಷದಲ್ಲಿ ಹೋದ್ರೆ ಡಾಕ್ಟರು ಏನಂದ್ಕೊಳ್ತಾರೆ?’ ಎಂದರು ಭಾವ.

‘ಹೌದು ಕಣೇ, ಮಾನ ಹೋಗುತ್ತೆ’ ಎಂದಳು ಅಕ್ಕ. ಇವಳೂ ಅವರಿಗೆ ತಕ್ಕ ಜೋಡಿ.

‘ಮಾನ ಹೋದ್ರೆ ಹೋಗ್ಲಿ, ಹಲ್ಲಾದ್ರೂ ಉಳಿಯುತ್ತೆ. ಏಳಿ ಭಾವ’ ಎಂದು ನಾನೇ ಮಫ್ಲರ್ ತಂದು ಕೊಟ್ಟು, ಇಬ್ಬರನ್ನೂ ಆಟೋಕ್ಕೆ ತಳ್ಳಿದೆ.

ಆಸ್ಪತ್ರೆಯ ಓಣಿಯಲ್ಲಿ ಬೆಂಚಿತ್ತು, ಭಾವ ಕೂರಲಿಲ್ಲ. ಆ ತುದಿಯಿಂದ ಈ ತುದಿಗೆ, ಫ್ಯಾನು ಇರುವ ಕಡೆ ಗೋಡೆಗೆ ಮುಖ ಮಾಡಿ, ನಡೆದೇ ನಡೆದರು. ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಕಡೆಗೂ ಒಳಗೆ ಕರೆದರು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮಫ್ಲರ್ ತೆಗೆಯಲು ಹೇಳಿದರು. ಭಾವ ತಲೆ ತಗ್ಗಿಸಿ ತೆಗೆದರು. ‘ತಪ್ಪು ತಿಳ್ಕೋಬೇಡಿ ಮೇಡಂ. ಅರ್ಧಂಬರ್ಧ ಮುಖದಲ್ಲಿ ಬಂದ್ಬಿಟ್ಟೆ.’

ನಾನು ಸೋಮವಾರ ಹಲ್ಲು ಕೀಳುವ ವಿಷಯ ಹೇಳಿ ಎಕ್ಸ್‌ರೇಗಳ ಲಕೋಟೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಗಡ್ಡವನ್ನೇ ನೋಡುತ್ತಿದ್ದರು. ಎದ್ದು ಬಂದು, ಮುಟ್ಟದೆ, ಪೆನ್ನಿನ ತುದಿಯಿಂದ ದೂರದಲ್ಲೇ ಗೆರೆ ಎಳೆದ ಹಾಗೆ ತೋರಿಸಿದರು. ಮೂಗಿನ ಕೆಳಗೆ ಸರಿಯಾಗಿ ನಟ್ಟನಡುವೆ ಶುರುವಾಗಿ ಗಡ್ಡ ಎಡಕ್ಕೆ ಹೋಗಿತ್ತು.

‘ಕುತ್ತಿಗೆಯ ಎಡಗಡೆ ಬೋಳಿಸಿದ್ದೀರಲ್ಲ, ಅಲ್ಲಿ ನೋವಿಲ್ವಾ?’

‘ಅಲ್ಲಿ ಏನೂ ಆಗಲ್ಲ ಮೇಡಂ. ಇಲ್ಲಿ ತಾಗಿದ್ರೆ ಜೀವ ಹೋಗುತ್ತೆ.’

‘ಮಧ್ಯ ದಾಟಿ ಬಲಗಡೆಗೆ ಬಂದಿದ್ದುಂಟಾ ಯಾವತ್ತಾದ್ರೂ?’

‘ಒಂದು ದಿನಾನೂ ಇಲ್ಲ.’

‘ಹಿಂದೆ ನೋಡಿದ ಡಾಕ್ಟರುಗಳಿಗೆ ಈ ಗಡ್ಡ ತೋರಿಸಲಿಲ್ವಾ?’

ಭಾವ ಹೌಹಾರಿದರು. ‘ಛೆ ಛೆ! ಪ್ರತಿ ಸಲ ನೀಟಾಗಿ ಬೋಳಿಸ್ಕೊಂಡೇ ಹೋಗಿದ್ದೀನಿ ಮೇಡಂ.’

ಅಕ್ಕನಿಗೆ ಅಲ್ಲಿ ತಡೆಯಲಾಗಲಿಲ್ಲ. ‘ಹೇಗೆ ಬೋಳಿಸ್ಕೊಂಡ್ರು ಅಂತ ಹೇಳಲ್ಲ ನೋಡಿ! ನಾನು ತಲೆ ಗಟ್ಟಿಯಾಗಿ ಹಿಡ್ಕೋಬೇಕು, ಇವರು ಗೋಡೆ ಗುದ್ದಬೇಕು. ಎಲ್ಲಾ ಮುಗಿಸಿ ಕಣ್ಣೊರೆಸ್ಕೊಂಡು, ನಡಿ ಹೋಗೋಣ ಅಂತಾರೆ.’

ಡಾಕ್ಟರು ಭಾವನ ಕಡೆ ತಿರುಗಿದರು. ‘ಅವರಿಗೆ ಕಾಣಬೇಕಾಗಿದ್ದನ್ನ ನೀವೇ ಬೋಳಿಸ್ಕೊಂಡು ಹೋಗಿದ್ದೀರಿ. ಅವರಾದ್ರೂ ಸರಿಯಾಗಿ ಕೇಳಬೇಕಿತ್ತು’ ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಮುಖದ ಒಂದೊಂದು ಬದಿಗೆ ಒಂದೊಂದು ನರ, ಎಡಗಡೆಯದು ಮಧ್ಯದ ಗೆರೆ ದಾಟುವುದಿಲ್ಲ, ಕುತ್ತಿಗೆಗೂ ಇಳಿಯುವುದಿಲ್ಲ. ಆ ನರವೇ ಕೆರಳಿರುವುದು, ಹಲ್ಲುಗಳಲ್ಲ. ಸ್ಕ್ಯಾನ್ ಮಾಡಿ ನೋಡಬೇಕು. ನರವನ್ನು ಸುಮ್ಮನಾಗಿಸಲು ಮಾತ್ರೆಯಿದೆ. ಒಂದೇ ದಿನಕ್ಕೆ ಎಲ್ಲ ಸರಿಹೋಗುವುದಿಲ್ಲ, ಆದರೆ ಮಾಡುವುದಕ್ಕೆ ಬೇಕಾದಷ್ಟಿದೆ.

‘ಇದಕ್ಕೆ ಹೆಸರಿದೆಯಾ ಮೇಡಂ?’ ಎಂದರು ಭಾವ.

‘ಇದೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾ.’

ಅಷ್ಟು ದಿನ ತನ್ನನ್ನು ಕಾಡಿದವನ ಹೆಸರನ್ನು ತಾನೂ ಒಮ್ಮೆ ಹೇಳಿ ನೋಡಬೇಕೆನಿಸಿತೋ ಏನೋ, ಭಾವ ಬಾಯಿ ತೆರೆದರು. ತುಟಿ ಅಲುಗಿತು, ಅಷ್ಟೇ. ಮಾತು ಅಲ್ಲೇ ನಿಂತಿತು. ಕುರ್ಚಿಯ ಕೈ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಎಡಗಣ್ಣಿನಿಂದ ನೀರು ಸುರಿಸುತ್ತಾ ಅಲ್ಲಾಡದೆ ಕೂತರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಮುಟ್ಟಲಿಲ್ಲ, ಎವೆಯಿಕ್ಕದೆ ನೋಡುತ್ತಿದ್ದರು.

ನೋವು ಇಳಿಯಿತು. ಭಾವ ಉಸಿರು ಬಿಟ್ಟು, ಕಣ್ಣು ತೆರೆದು, ಬಾಯಿಯ ಬಲಮೂಲೆಯಿಂದ ಕೇಳಿದರು:

‘ನೋಡಿದ್ರಾ ಮೇಡಂ?’

‘ನೋಡಿದೆ. ಸೋಮವಾರ ಹಲ್ಲು ಕೀಳಿಸ್ಕೋಬೇಡಿ’ ಎಂದರು ಡಾಕ್ಟರು.

ಭಾವ ಅಕ್ಕನ ಕಡೆ ತಿರುಗಿದರು. ಅಂಥ ಸಂತೋಷವನ್ನು ಆ ಅರ್ಧ ಗಡ್ಡದ ಮುಖದಲ್ಲಿ ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ.

‘ಕೇಳಿಸ್ತೇನೇ? ನೋಡಿದ್ರಂತೆ’ ಎಂದರು.

ಎರಡು ವರ್ಷ ಪಕ್ಕದಲ್ಲೇ ನಿಂತು ದಿನಾ ನೋಡಿದ್ದ ಅಕ್ಕ, ಈಗಷ್ಟೇ ಗೊತ್ತಾದವಳ ಹಾಗೆ, ‘ಹೌದಾ’ ಎಂದಳು.