ಗಾಜಿನ ಕೋಣೆಯ ಹೆಬ್ಬೆರಳು

ಕೈಗವಸು ಹೊಲಿಯುವ ಆ ಶೆಡ್ಡಿನಲ್ಲಿ ಹೆಂಗಸರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕರೆಯುವ ಹೊತ್ತಿಗೆ ಮಾತ್ರ ಬೇಕಾಗುತ್ತಿತ್ತು. ಉಳಿದಂತೆ ಯಾರು ಯಾವ ಭಾಗ ಹೊಲಿಯುತ್ತಾರೋ ಅದೇ ಅವರ ಹೆಸರು. ಮಣಿಕಟ್ಟು ಹೊಲಿಯುವವಳು ಮಣಿಕಟ್ಟು, ಕಿರುಬೆರಳು ಹೊಲಿಯುವವಳು ಕಿರುಬೆರಳು. ಎಲ್ಲಕ್ಕಿಂತ ಕಷ್ಟದ್ದು ಹೆಬ್ಬೆರಳು. ಅದು ಉಳಿದ ಬೆರಳುಗಳ ಸಾಲಿಗೆ ಸೇರದೆ ಅಡ್ಡ ನಿಂತಿರುತ್ತದೆ. ಬಟ್ಟೆಯನ್ನು ಪುಸಲಾಯಿಸಿ, ತಿರುಗಿಸಿ ಸೂಜಿಯ ಬಾಯಿಗೆ ಕೊಡಬೇಕು. ಯಾರಿಗೂ ಬಗ್ಗದ ಆ ಕೆಲಸ ಇವಳಿಗೆ ಬಗ್ಗಿತ್ತು. ಹಾಗಾಗಿ ಇವಳು ಹೆಬ್ಬೆರಳು.

ಇವಳ ಬಾಯಿ ಮಿಷಿನ್ನಿಗಿಂತ ಜೋರು. ಮ್ಯಾನೇಜರ ನಡೆಯುವ ರೀತಿ, ಅತ್ತೆ ಗೊರಕೆ ಹೊಡೆಯುವ ರೀತಿ, ಎಲ್ಲವನ್ನೂ ಕೂತಲ್ಲೇ ಮಾಡಿ ತೋರಿಸುತ್ತಿದ್ದಳು.

"ನಿನ್ ಬಾಯಿಗೂ ಒಂದು ಗವಸು ಹೊಲೀಬೇಕು ಕಣೇ" ಎಂದು ಕಿರುಬೆರಳು ಅಂದರೆ, "ಅಳತೆ ಸಿಗಲ್ಲ ಬಿಡು" ಎನ್ನುತ್ತಿದ್ದಳು.

ಸಂಜೆ ಇಬ್ಬರೂ ಕಾಲುವೆ ದಂಡೆ ಹಿಡಿದು ಮನೆಗೆ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಗಂಡಂದಿರ ಗುಣಗಾನ, ಅತ್ತೆಯರ ಗುಣಗಾನ. ಮನೆ ಬಂದರೂ ಮಾತು ಮುಗಿಯದೆ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತಿದ್ದರು.

ಹೀಗಿರುವಾಗ ಮ್ಯಾನೇಜರ ಹೆಬ್ಬೆರಳನ್ನು ಕರೆದು, ನಾಳೆಯಿಂದ ನೀನು ತಪಾಸಣೆಗೆ ಎಂದ. ಶೆಡ್ಡಿನ ಮೂಲೆಯಲ್ಲಿ, ನೆಲದಿಂದ ಕೊಂಚ ಎತ್ತರಕ್ಕೆ, ಸುತ್ತ ಗಾಜು ಹಾಕಿದ ಕೋಣೆ. ಒಳಗೆ ಒರಗುವ ಕುರ್ಚಿ, ಬೆಳ್ಳಗೆ ಉರಿಯುವ ದೀಪ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಗಂಡ ಬೀಗ ರಿಪೇರಿಯವನು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ ಕೀಲಿಯ ಜೊತೆಗೆ ಈ ಸುದ್ದಿಯನ್ನೂ ಕೊಟ್ಟು ಕಳಿಸಿದ. ಅತ್ತೆ ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ. "ನಮ್ ಸೊಸೆ ಈಗ ಹೊಲಿಯಲ್ಲಮ್ಮ, ಹೊಲಿಯೋರನ್ನ ನೋಡ್ಕೋತಾಳೆ" ಎಂದು ಸಾರಿಕೊಂಡು ಬಂದಳು.

ಆ ಕೋಣೆಯೊಳಗೆ ಧೂಳು ಬರುತ್ತಿರಲಿಲ್ಲ, ಮಿಷಿನ್ನುಗಳ ಸದ್ದು ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಗಾಜಿನಾಚೆ ಬಾಯಿಗಳು ತೆರೆದು ಮುಚ್ಚುವುದು ಕಾಣುತ್ತಿತ್ತು. ಮೇಜಿನ ಆ ತುದಿಯಲ್ಲಿ ಎದ್ದ ನಗು ಒಬ್ಬೊಬ್ಬರ ಹೆಗಲನ್ನೇ ಕುಲುಕಿಸುತ್ತ ಈ ತುದಿಗೆ ಬರುವುದು ಕಾಣುತ್ತಿತ್ತು. ಯಾವುದಕ್ಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಇವಳ ಕೆಲಸ ಈಗ ತಪ್ಪು ಹುಡುಕುವುದು. ಕೆಟ್ಟದ್ದನ್ನು ಕೆಂಪು ಬುಟ್ಟಿಗೆ ಹಾಕಬೇಕು, ಆ ಬುಟ್ಟಿ ಗವಸು ಹೊಲಿದವಳ ಮುಂದೆಯೇ ಹೋಗಿ ಕೂರುತ್ತಿತ್ತು.

ಮೊದಮೊದಲು ಕಿರುಬೆರಳು, "ಏನ್ ಮೇಡಂ, ನನ್ ಬೆರಳೇ ಮುರಿದುಬಿಟ್ರಲ್ಲ" ಎಂದು ನಗುತ್ತಿದ್ದಳು. ಬರಬರುತ್ತ ನಗು ಬಿದ್ದುಹೋಗಿ ಮೇಡಂ ಮಾತ್ರ ಉಳಿಯಿತು. ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದವರ ಮಾತು ಕತ್ತರಿಸಿದ ದಾರದಂತೆ ನಿಲ್ಲುತ್ತಿತ್ತು. ಇವಳು ಕೋಣೆಯಲ್ಲೇ, ಗಾಜಿಗೆ ಬೆನ್ನು ಹಾಕಿ ಉಣ್ಣತೊಡಗಿದಳು. ತಪಾಸಣೆಯವರಿಗೆ ಮನೆ ಬಾಗಿಲಿಗೇ ವ್ಯಾನು. ಕಾಲುವೆ ದಂಡೆಯ ನಡಿಗೆ ಹೋಯಿತು. ಅದರ ಜೊತೆ ಮೈಗೆ ತಾಗುತ್ತಿದ್ದ ಚೂರುಪಾರು ಬಿಸಿಲೂ ಹೋಯಿತು.

ಯಾವಾಗ ಶುರುವಾಯಿತೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು. ಎದೆಯ ಮೇಲೆ ಯಾರೋ ನೆನೆದ ಕಂಬಳಿ ಹೊದಿಸಿಟ್ಟಂತೆ. ತುತ್ತು ಬಾಯಲ್ಲಿ ಮರದ ಹೊಟ್ಟಿನಂತೆ ತಿರುಗುತ್ತಿತ್ತು. ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಗುಡ್ಡ ಹತ್ತಿದಂತೆ. ಆ ಕುರ್ಚಿಯಿಂದ ಇಳಿಯಬೇಕು, ಇಳಿಯದಿದ್ದರೆ ನಾನು ಉಳಿಯುವುದಿಲ್ಲ ಎಂದು ಒಳಗೆ ಒಂದು ದನಿ ಹೇಳುತ್ತಿತ್ತು. ಆದರೆ ಇಡೀ ಮನೆ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಕುರ್ಚಿ ಅದು. ಯಾವ ಬಾಯಲ್ಲಿ ಹೇಳುವುದು?

"ಕುರ್ಚಿ ಸಿಕ್ಕ ಮೇಲೆ ನಿನ್ ಹೆಂಡ್ತಿ ಮಾತು ದುಬಾರಿ ಆಯ್ತು ಕಣೋ" ಎಂದಳು ಅತ್ತೆ.

"ದೊಡ್ಡ ಕೆಲಸ ಅಮ್ಮ, ತಲೆ ತುಂಬ ಜವಾಬ್ದಾರಿ" ಎಂದ ಗಂಡ, ಹೆಮ್ಮೆಯಿಂದಲೇ.

ಒಂದು ದಿನ ಕಳಿಸಿದ್ದ ಸರಕು ಇಡಿಯಾಗಿ ವಾಪಸ್ಸು ಬಂತು. ಹೊಸಬಳೊಬ್ಬಳು ಹೆಬ್ಬೆರಳಿನ ಬಾಯನ್ನೇ ಸೇರಿಸಿ ಹೊಲಿದುಬಿಟ್ಟಿದ್ದಳು. ಮ್ಯಾನೇಜರ ಗಾಜಿನ ಕೋಣೆಯಲ್ಲಿ ನಿಂತು ಕೈ ಬೀಸಿ ಬೀಸಿ ಬೈಯುವುದನ್ನು ಹೆಂಗಸರೆಲ್ಲ ನೋಡಿದರು. ಕೆಲವರಿಗೆ ಒಳಗೊಳಗೇ ಖುಷಿ. ಕಿರುಬೆರಳು ಮಾತ್ರ ಒಂದು ಗವಸು ಎತ್ತಿ ಕೈಗೆ ಏರಿಸಿ ನೋಡಿದಳು. ಹೆಬ್ಬೆರಳು ಒಳಗೆ ಹೋಗಲೇ ಇಲ್ಲ. ಕಣ್ಣು ಮುಚ್ಚಿ ಸವರಿದರೂ ಗೊತ್ತಾಗುವ ತಪ್ಪು. ತಪಾಸಣೆಗೆ ಕೂತ ಅವಳು ಇದನ್ನು ಬಿಟ್ಟಳೇ? ಒಂದೂ ಬಿಡದೆ ಎಲ್ಲವನ್ನೂ ಬಿಟ್ಟಳೇ? ಕಿರುಬೆರಳಿಗೆ ಸಿಟ್ಟು ಬರಲಿಲ್ಲ, ಭಯವಾಯಿತು.

ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಯಾಕೆ ಡಬ್ಬಿ ತೆಗ್ದಿಲ್ಲ?"

"ಹಸಿವಿಲ್ಲ."

"ನಿನ್ನೆ ತಿಂದ್ಯಾ?"

"ಗೊತ್ತಿಲ್ಲ."

"ನನ್ ಮೇಲೆ ಕೋಪನಾ?"

"ಕೋಪ ಬಂದಿದ್ರೆ ಚೆನ್ನಾಗಿರ್ತಿತ್ತು ಕಣೇ. ಏನೂ ಬರಲ್ಲ. ರಾತ್ರಿ ಮಲಗುವಾಗ, ನಾಳೆ ಬೆಳಗಾಗೋದೇ ಬೇಡ ಅನ್ಸತ್ತೆ. ಅಷ್ಟೇ."

ಅದನ್ನು ಅವಳು ಉಪ್ಪು ಕಮ್ಮಿ ಇದೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಕಿರುಬೆರಳು ತನ್ನ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದಳು. "ನಾವು ಜಂಬ ಅಂದ್ಕೊಂಡ್ವಿ" ಎಂದಳು, ತಲೆ ತಗ್ಗಿಸಿ.

ಆ ಸಂಜೆ ವ್ಯಾನು ಹತ್ತಲು ಬಿಡದೆ, ಕೈ ಹಿಡಿದು ನಡೆಸಿಕೊಂಡೇ ಬೀಗದ ಅಂಗಡಿಗೆ ಬಂದಳು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು.

"ಅಣ್ಣ, ಇವಳಿಗೆ ಹುಷಾರಿಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ."

"ಹುಷಾರಿಲ್ಲದೆ ಏನು? ಜ್ವರ ಇಲ್ಲ, ಕೆಮ್ಮಿಲ್ಲ" ಎಂದಳು ಅತ್ತೆ. "ಇಡೀ ದಿನ ಕುರ್ಚಿ ಮೇಲೆ ಕೂರೋದಕ್ಕೂ ಆಯಾಸನಾ?"

"ನಾನು ಏನು ಕಮ್ಮಿ ಮಾಡಿದೀನಮ್ಮ ಇವಳಿಗೆ?" ಎಂದ ಗಂಡ, ಹಳೆಯ ಬೀಗವೊಂದನ್ನು ಅರದಿಂದ ಉಜ್ಜುತ್ತಲೇ.

"ನೀವಲ್ಲ ಅಣ್ಣ. ಕಮ್ಮಿ ಮಾಡಿದ್ದು ನಾವು." ಆಮೇಲೆ ಕೋಣೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು.

ಅರ ನಿಂತಿತು. ಅವನು ಹೆಂಡತಿಯ ಮುಖ ನೋಡಿದ. ಕೆನ್ನೆ ಇಳಿದಿತ್ತು, ಕೂದಲು ಜಿಡ್ಡುಗಟ್ಟಿತ್ತು. ನಸುಕಿಗೇ ಅವಳು ಎದ್ದು ಕೂರುವುದನ್ನು ದಿನವೂ ಕಂಡಿದ್ದ. ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡು ಮಗ್ಗುಲು ಬದಲಿಸಿದ್ದ.

"ಪಕ್ಕದಲ್ಲೇ ಮಲಗಿದ್ನಲ್ಲೇ" ಎಂದ. ಎದ್ದು ಅಂಗಡಿಯ ಬಾಗಿಲು ಎಳೆದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಟೆತಾಸ್ಕೋಪಿಗಿಂತ ಹೆಚ್ಚು ಹೊತ್ತು ಕಿವಿಯನ್ನೇ ಬಳಸಿದಳು. ಯಾರ ಜೊತೆ ಊಟ ಮಾಡ್ತೀರಿ, ಎಷ್ಟು ದೂರ ನಡೀತೀರಿ, ಬಿಸಿಲಿಗೆ ಹೋಗ್ತೀರಾ, ಕೊನೆಗೆ ನಕ್ಕಿದ್ದು ಯಾವಾಗ. ಒಂದೊಂದು ಪ್ರಶ್ನೆಗೂ ಇವಳು ಗಂಡನ ಕಡೆ ತಿರುಗುತ್ತಿದ್ದಳು, ಉತ್ತರ ಅವನಿಗೆ ಗೊತ್ತಿರಬಹುದು ಎಂಬಂತೆ.

"ಇದು ಖಿನ್ನತೆ. ಕಾಯಿಲೆ. ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ" ಎಂದಳು ಡಾಕ್ಟರಮ್ಮ. "ಮಾತ್ರೆ ಬರೆದುಕೊಡ್ತೀನಿ, ಹಿಡಿತಕ್ಕೆ ಬರೋಕೆ ವಾರಗಳೇ ಬೇಕು. ಬೆಳಗಾಗೋದು ಬೇಡ ಅನ್ನೋ ಯೋಚನೆ ಜೋರಾದ್ರೆ ಆ ಕ್ಷಣವೇ ಬನ್ನಿ, ಕಾಯಬೇಡಿ. ಆದ್ರೆ ಜೊತೇಲಿ ಕೂತು ಉಣ್ಣೋ ಜನರನ್ನ ಚೀಟೀಲಿ ಬರೆದುಕೊಡೋಕೆ ನನಗೆ ಬರಲ್ಲ."

ಮರುದಿನ ಗಂಡನೇ ಮ್ಯಾನೇಜರನ ಮುಂದೆ ನಿಂತು, ಆ ಕುರ್ಚಿ ನಮಗೆ ಬೇಡ ಎಂದ. ಹೆಬ್ಬೆರಳಿನ ಮಿಷಿನ್ನಿಗೆ ಬೇರೆಯವಳು ಬಂದಾಗಿತ್ತು. ಖಾಲಿ ಇದ್ದದ್ದು ಬೆರಳು ತಿರುಗಿಸುವ ಜಾಗ ಒಂದೇ. ಗವಸನ್ನು ಒಳಮೈ ಹೊರಗಾಗಿಟ್ಟು ಹೊಲಿಯುತ್ತಾರೆ. ಆಮೇಲೆ ಒಂದೊಂದು ಬೆರಳನ್ನೂ ಮರದ ಕಡ್ಡಿಗೆ ಸಿಕ್ಕಿಸಿ ಹೊರಮೈ ಕಾಣುವಂತೆ ತಿರುಗಿಸಬೇಕು. ಶೆಡ್ಡಿಗೆ ಹೊಸದಾಗಿ ಬಂದವರಿಗೆ ಕೊಡುವ ಕೆಲಸ. ಅತ್ತೆ ಒಂದು ವಾರ ಬೀದಿಗೆ ಮುಖ ತೋರಿಸಲಿಲ್ಲ. ಆಮೇಲೆ ಹೊರಬಂದವಳು, ಸೊಸೆ ಈಗಲೂ ಆಫೀಸರೇ ಎಂದು ಹೇಳಿಕೊಂಡು ತಿರುಗಿದಳು. ಅದನ್ನು ಯಾರೂ ತಿದ್ದಲು ಹೋಗಲಿಲ್ಲ.

ಇತ್ತ ಇವಳು ಮೇಜಿನ ತುದಿಯ ಮೋಟು ಸ್ಟೂಲಿನ ಮೇಲೆ ಕೂತಳು. ಏನೂ ಸರಿಹೋಗಿರಲಿಲ್ಲ. ಮಾತ್ರೆ ನುಂಗಿದರೆ ಬಾಯಿ ಒಣಗುತ್ತಿತ್ತು, ಬೆಳಗಿನ ಕಂಬಳಿ ಹಾಗೇ ಇತ್ತು. ಹೆಂಗಸರಿಗೂ ಅವಳೊಡನೆ ಹೇಗೆ ಮಾತಾಡುವುದೆಂದು ತಿಳಿಯದು; ಬಿಸಿ ಪಾತ್ರೆ ಮುಟ್ಟುವವರಂತೆ ಒಂದೊಂದೇ ಮಾತು. ಕಡ್ಡಿಗೆ ಗವಸು ಸಿಕ್ಕಿಸುತ್ತ, ಎಳೆಯುತ್ತ, ಒಂದು ದಿನ ಮಧ್ಯಾಹ್ನದ ಹೊತ್ತಿಗೆ, ಯಾವ ಕಾರಣವೂ ಇಲ್ಲದೆ ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಸದ್ದಿಲ್ಲ, ಬಿಕ್ಕಿಲ್ಲ. ಸುಮ್ಮನೆ ಇಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ.

ಮಿಷಿನ್ನುಗಳು ಒಂದರ ಹಿಂದೆ ಒಂದು ನಿಂತವು. ಮಣಿಕಟ್ಟು ಎದ್ದು ಬಂದು ಅವಳ ತೊಡೆಯ ಮೇಲಿನ ರಾಶಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಸರಕು ಒದ್ದೆ ಆಗತ್ತೆ" ಎಂದಳು. "ನೀನು ಅಳು, ಅವಸರ ಏನಿಲ್ಲ. ಇದನ್ನ ನಾನು ತಿರುಗಿಸ್ತೀನಿ."